ಗುಡಿಸಿದ ಮನೆ, ತೆರೆದ ಬಾಗಿಲು: ಕಂಪ್ಯೂಟರ್ ವೈರಸ್‌ಗಳ ನಲವತ್ತು ವರ್ಷ



ಸಂತ ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ಚಿಕ್ಕ ಸಾಮತಿ ಇದೆ. ಒಬ್ಬ ಮನುಷ್ಯನನ್ನು ಬಿಟ್ಟುಹೋದ ದುರಾತ್ಮ ಎಲ್ಲೂ ನೆಲೆ ಸಿಗದೆ ಅಲೆದಾಡಿ, ಕೊನೆಗೆ ತಾನು ಬಿಟ್ಟ ಮನೆಗೇ ಹಿಂದಿರುಗುತ್ತದೆ. ಬಂದು ನೋಡಿದರೆ ಮನೆ ಗುಡಿಸಿ ಓರಣವಾಗಿದೆ, ಆದರೆ ಒಳಗೆ ಯಾರೂ ಇಲ್ಲ. ಅದು ಹೋಗಿ ತನಗಿಂತ ಕೆಟ್ಟ ಇನ್ನೂ ಏಳು ದುರಾತ್ಮಗಳನ್ನು ಕರೆತಂದು ಅಲ್ಲೇ ಬೀಡುಬಿಡುತ್ತದೆ. ಆ ಮನುಷ್ಯನ ಗತಿ ಮೊದಲಿಗಿಂತ ಕೆಡುತ್ತದೆ. ಪಾಪನಿವೇದನೆ ಮಾಡಿ ಬಂದ ಮೇಲೂ ಬದುಕು ಹಳೆಯ ದಾರಿಯಲ್ಲೇ ನಡೆದರೆ ಏನಾಗುತ್ತದೆ ಎಂದು ವಿವರಿಸಲು ಗುರುಗಳು ಈ ಭಾಗವನ್ನು ಬಳಸುವುದುಂಟು.

ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಾಗ ನಡೆಯುವುದೂ ಬಹುಮಟ್ಟಿಗೆ ಇದೇ. ಅಂಗಡಿಗೆ ಒಯ್ದು, ದುಡ್ಡು ಕೊಟ್ಟು, ಫಾರ್ಮ್ಯಾಟ್ ಮಾಡಿಸಿ ತರುತ್ತೇವೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಕಾಯಿಲೆ ಮತ್ತೆ ಶುರು. ವಾಸ್ಕೋ, ಮಡಗಾಂವ್, ಮಾಪುಸಾ, ಪೊಂಡಾ ಕಡೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಕಡೆ ಇಡೀ ಮನೆಗೆ ಒಂದೇ ಕಂಪ್ಯೂಟರ್. ಮಕ್ಕಳ ಓದು, ಅಪ್ಪನ ಬ್ಯಾಂಕ್ ವ್ಯವಹಾರ, ಜ್ಞಾನಸ್ನಾನ ಮತ್ತು ಪರಮಪ್ರಸಾದದ ಫೋಟೋಗಳು, ಊರಲ್ಲಿ ತೀರಿಹೋದ ಅಜ್ಜಿಯ ಒಂದೇ ಒಂದು ವಿಡಿಯೋ, ಎಲ್ಲವೂ ಅದರಲ್ಲೇ. ಅದು ಹೋದರೆ ಹೋಗುವುದು ಬರೀ ಯಂತ್ರವಲ್ಲ.

ಈ ಲೇಖನದಲ್ಲಿ ನಾವು ಕಂಪ್ಯೂಟರ್ ವೈರಸ್‌ಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡೋಣ. ಕೀಟಲೆಗೆ, ಕಳ್ಳತನಕ್ಕೆ, ಸುಲಿಗೆಗೆ ಬರೆದ ಇಂಥ ಎಲ್ಲ ತಂತ್ರಾಂಶಗಳಿಗೂ ಸೇರಿ ಇಂದು ಮಾಲ್‌ವೇರ್ ಎನ್ನುತ್ತಾರೆ; ನಾವು ಮಾತಿನಲ್ಲಿ ಎಲ್ಲಕ್ಕೂ ವೈರಸ್ ಎಂದೇ ಅನ್ನುತ್ತೇವೆ. ಈ ನಲವತ್ತು ವರ್ಷಗಳಲ್ಲಿ ವೈರಸ್‌ಗಳ ಹೆಸರು ಬದಲಾಯಿತು, ರೂಪ ಬದಲಾಯಿತು. ಒಂದು ಪಾಠ ಮಾತ್ರ ಬದಲಾಗಲಿಲ್ಲ: ತೆಗೆಯುವುದು ಅರ್ಧ ಕೆಲಸ, ಅದು ಬಂದ ಬಾಗಿಲನ್ನು ಹುಡುಕಿ ಮುಚ್ಚುವುದು ಉಳಿದರ್ಧ.

ಮೊದಲ ಬಾಗಿಲು: ಫ್ಲಾಪಿ

1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಅಣ್ಣತಮ್ಮಂದಿರು ಬರೆದ 'ಬ್ರೇನ್', ಐಬಿಎಂ ಮಾದರಿಯ ಪಿಸಿಗಳ ಮೊದಲ ವೈರಸ್ ಎಂದು ಹೆಸರಾಗಿದೆ. ತಾವು ತಯಾರಿಸಿದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಿದ್ದಾರೆ, ಅದನ್ನು ತಡೆಯಲು ಹೀಗೆ ಮಾಡಿದೆವು ಎಂಬುದು ಅವರ ವಿವರಣೆ. ವೈರಸ್ಸಿನ ಒಳಗೇ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಬರೆದಿದ್ದರು. ಕದ್ದು ನಕಲು ಮಾಡಿದ ತಂತ್ರಾಂಶಕ್ಕೂ ವೈರಸ್ಸಿಗೂ ಇರುವ ನಂಟು ಇಷ್ಟು ಹಳೆಯದು. ಮುಂದೆ ಈ ವಿಷಯಕ್ಕೆ ಮತ್ತೆ ಬರುತ್ತೇವೆ.

ಬ್ರೇನ್ ಫ್ಲಾಪಿಯ ಮೊದಲ ಭಾಗದಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊಟ್ಟಮೊದಲು ಓದುವ ಜಾಗದಲ್ಲಿ, ಅಡಗಿ ಕೂರುತ್ತಿತ್ತು. ಫ್ಲಾಪಿಯನ್ನು ಡ್ರೈವಿನಲ್ಲೇ ಮರೆತು ಯಂತ್ರ ಚಾಲೂ ಮಾಡಿದರೆ ಸಾಕು, ವೈರಸ್ ಮೆಮೊರಿಗೆ ಏರುತ್ತಿತ್ತು. ಆಮೇಲೆ ಹಾಕಿದ ಪ್ರತಿ ಫ್ಲಾಪಿಗೂ ಅಂಟುತ್ತಿತ್ತು.

ನಮ್ಮ ದೇಶದಲ್ಲೇ ಹುಟ್ಟಿದ್ದೂ ಒಂದಿತ್ತು. 1990ರಲ್ಲಿ ಭಾರತದಲ್ಲಿ ಪತ್ತೆಯಾದ 'ಜೋಶಿ' ವೈರಸ್ ಪ್ರತಿ ಜನವರಿ 5ರಂದು ಯಂತ್ರವನ್ನು ನಿಲ್ಲಿಸಿ, ಹ್ಯಾಪಿ ಬರ್ತ್‌ಡೇ ಜೋಶಿ ಎಂದು ಟೈಪ್ ಮಾಡಿ ಎಂದು ಕೇಳುತ್ತಿತ್ತು. ಟೈಪ್ ಮಾಡುವವರೆಗೆ ಕಂಪ್ಯೂಟರ್ ಕದಲುತ್ತಿರಲಿಲ್ಲ. ಕೇಳಲು ತಮಾಷೆ, ಆದರೆ ತೆಗೆಯಲು ಹೊರಟವರಿಗೆ ಬೆವರಿಳಿಸಿತ್ತು. ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಯಂತ್ರವನ್ನು ಮತ್ತೆ ಶುರು ಮಾಡಿದರೂ ಅದು ಮೆಮೊರಿಯಲ್ಲೇ ಬದುಕಿರುತ್ತಿತ್ತು. ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನು ಓದಲು ಹೋದರೆ ತಾನಿಲ್ಲದ ಹಾಗೆ ತೋರಿಸಿ ಮೋಸ ಮಾಡುತ್ತಿತ್ತು.

ಆಗಿನ ತಂತ್ರಜ್ಞರು ಕಂಡುಕೊಂಡ ದಾರಿ ಇದು. ಯಂತ್ರದ ಸ್ವಿಚ್ಚನ್ನೇ ಆರಿಸಿ. ಒಳ್ಳೆಯದೆಂದು ಖಾತ್ರಿಯಿರುವ ಬೇರೊಂದು ಫ್ಲಾಪಿಯಿಂದ ಶುರು ಮಾಡಿ. ಆ ಫ್ಲಾಪಿಯ ಪಕ್ಕದ ಕಚ್ಚಿಗೆ ಮೊದಲೇ ಟೇಪು ಅಂಟಿಸಿರಬೇಕು, ಆಗ ಅದರ ಮೇಲೆ ಯಾರೂ ಏನೂ ಬರೆಯಲಾರರು. ಆಮೇಲೆ ಹಾರ್ಡ್ ಡಿಸ್ಕನ್ನು ಶುಚಿ ಮಾಡಿ. ಕಾಯಿಲೆ ಬಿದ್ದ ಯಂತ್ರದ ಮಾತನ್ನೇ ನಂಬಿ ಕಾಯಿಲೆ ಇಲ್ಲ ಎಂದುಕೊಳ್ಳಬಾರದು, ಹೊರಗಿನಿಂದ ನೋಡಬೇಕು ಎಂಬುದು ಇದರ ತಿರುಳು.

ಆದರೂ ಎಷ್ಟೋ ಕಚೇರಿಗಳಲ್ಲಿ ವೈರಸ್ ಮರುದಿನವೇ ಮರಳುತ್ತಿತ್ತು. ಕಾರಣ ಸರಳ. ಯಂತ್ರ ತೊಳೆದರು, ಮೇಜಿನ ಮೇಲಿದ್ದ ಡಬ್ಬಿಯ ಐವತ್ತು ಫ್ಲಾಪಿಗಳನ್ನು ನೋಡಲಿಲ್ಲ. ಅವುಗಳಲ್ಲಿ ಒಂದೇ ಒಂದು ಸೋಂಕಿನದಿದ್ದರೂ ಸಾಕಾಗಿತ್ತು.

ಪುಣೆಯ ರಿಪೇರಿ ಅಂಗಡಿ

ಗೋವಾದಿಂದ ಹೆಚ್ಚು ದೂರವಿಲ್ಲದ ಪುಣೆಯಲ್ಲಿ, ಕ್ಯಾಲ್ಕುಲೇಟರ್ ರಿಪೇರಿ ಕಲಿತು ಸ್ವಂತ ಅಂಗಡಿ ಇಟ್ಟ ಕೈಲಾಸ್ ಕಾಟ್ಕರ್ ಹತ್ತನೇ ತರಗತಿಗೆ ಓದು ನಿಲ್ಲಿಸಿದವರು. ತಮ್ಮ ಸಂಜಯ್‌ನನ್ನು ಕಂಪ್ಯೂಟರ್ ಓದಿಸಿದರು. ಅಂಗಡಿಗೆ ಬರುತ್ತಿದ್ದ ಕಂಪ್ಯೂಟರುಗಳಲ್ಲಿ ವೈರಸ್ ಕಾಟ ಹೆಚ್ಚಾದಾಗ ಸಂಜಯ್ ಅವುಗಳನ್ನು ತೆಗೆಯುವ ಚಿಕ್ಕ ಪ್ರೋಗ್ರಾಮುಗಳನ್ನು ಬರೆದರು. 1995ರಲ್ಲಿ ಅವು ಕ್ವಿಕ್ ಹೀಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದವು. ನಮ್ಮ ಭಾಗದ ಎಷ್ಟೋ ಜನ ಆ್ಯಂಟಿವೈರಸ್ ಎಂದರೆ ಇದೇ ಎಂದು ತಿಳಿದಿದ್ದ ಕಾಲವೂ ಇತ್ತು.

ಆ್ಯಂಟಿವೈರಸ್ ಕೆಲಸ ಮಾಡುವ ರೀತಿ ಪೊಲೀಸ್ ಠಾಣೆಯ ಗೋಡೆಯ ಮೇಲಿನ ಬೇಕಾದವರ ಪಟ್ಟಿಯಂತೆ. ಗೊತ್ತಿರುವ ವೈರಸ್ಸಿನ ಗುರುತುಗಳನ್ನು ಇಟ್ಟುಕೊಂಡು, ಪ್ರತಿ ಫೈಲನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ಇಂದಿನವು ಅನುಮಾನದ ನಡವಳಿಕೆಯನ್ನೂ ಗಮನಿಸುತ್ತವೆ. ಆದರೂ ಪಟ್ಟಿ ಹಳತಾದರೆ ಹೊಸ ಕಳ್ಳ ಎದುರಿಗೇ ನಡೆದುಹೋಗುತ್ತಾನೆ. ಒಂದು ಸಲ ಹಾಕಿಸಿ, ಮೂರು ವರ್ಷ ಅಪ್‌ಡೇಟ್ ಮಾಡದೆ ಬಿಟ್ಟ ಆ್ಯಂಟಿವೈರಸ್ ಇದ್ದೂ ಇಲ್ಲದಂತೆ.

ಎರಡನೇ ಬಾಗಿಲು: ಇಂಟರ್‌ನೆಟ್

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಕೆಲವೇ ವರ್ಷಗಳಲ್ಲಿ ವೈರಸ್‌ಗಳಿಗೆ ಫ್ಲಾಪಿಯ ಹಂಗು ತಪ್ಪಿತು.

2000ದ ಮೇ 4ರಂದು ಫಿಲಿಪೀನ್ಸ್‌ನ ಮನಿಲಾದಿಂದ ಹೊರಟ 'ಐ ಲವ್ ಯೂ' ಒಂದೇ ದಿನದಲ್ಲಿ ಪ್ರಪಂಚ ಸುತ್ತಿತು. ಪರಿಚಿತರಿಂದ ಬಂದ ಪ್ರೇಮಪತ್ರದಂತೆ ಕಾಣುವ ಇಮೇಲ್, ಅದಕ್ಕೊಂದು ಲಗತ್ತು. ಫೈಲಿನ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಅದು ಸಾದಾ ಬರಹದ ಫೈಲಿನಂತೆ ತೋರುತ್ತಿತ್ತು. ತೆರೆದರೆ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನನ್ನೇ ಕಳಿಸಿಕೊಂಡು, ಯಂತ್ರದಲ್ಲಿದ್ದ ಫೋಟೋ ಫೈಲುಗಳ ಮೇಲೆ ತನ್ನ ಬರಹವನ್ನು ತುಂಬಿ ಹಾಳುಮಾಡುತ್ತಿತ್ತು. ಬರೆದವನು ಯಾರೆಂದು ಗೊತ್ತಾದರೂ ಆಗ ಆ ದೇಶದಲ್ಲಿ ಅದನ್ನು ಅಪರಾಧವೆನ್ನುವ ಕಾನೂನೇ ಇರಲಿಲ್ಲ. ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 17ರಂದು. ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಹೊಗಿಸುವುದು ಅದರ 43ನೇ ಕಲಮಿನಲ್ಲಿ ಬರುತ್ತದೆ. ಇಂದು ಮದುವೆ ಕರೆಯೋಲೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳು ಅದೇ ಪ್ರೇಮಪತ್ರದ ಮೊಮ್ಮಕ್ಕಳು.

ಗೋವಾದಲ್ಲಿ ಕಂಪ್ಯೂಟರ್ ಸಾಮಾನ್ಯರ ಮನೆಗೆ ಬಂದದ್ದು ಹೆಚ್ಚುಕಡಿಮೆ ಈ ಕಾಲದಲ್ಲೇ. 2000ದ ದಶಕದ ಮೊದಲ ವರ್ಷಗಳಲ್ಲಿ ರಾಜ್ಯ ಸರ್ಕಾರ ಸೈಬರ್‌ಏಜ್ ಯೋಜನೆ ತಂದು 11 ಮತ್ತು 12ನೇ ತರಗತಿಯ ವಿದ್ಯಾರ್ಥಿಗಳ ಕೈಗೆ ಕಂಪ್ಯೂಟರ್ ಕೊಟ್ಟಿತು. ದೇಶದಲ್ಲೇ ಅಪರೂಪದ ಯೋಜನೆ ಅದು. ಇನ್ನೊಂದು ಕಡೆ ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್ ಎಂಬ ಪ್ರಯತ್ನದಲ್ಲಿ ಹೊರದೇಶದ ಗೋವನ್ನರು ಮತ್ತು ಇಲ್ಲಿನ ಸ್ವಯಂಸೇವಕರು ಸೇರಿ, ಬಳಸಿದ ಕಂಪ್ಯೂಟರುಗಳನ್ನು ತರಿಸಿ, ಉಚಿತವಾದ ಲಿನಕ್ಸ್ ಹಾಕಿ ಶಾಲೆಗಳಿಗೆ ಕೊಟ್ಟರು. ವಿಂಡೋಸ್‌ಗೆ ಬರೆದ ವೈರಸ್‌ಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ ಎಂಬುದು ಹಳೆಯ ಯಂತ್ರಗಳಿಗೆ ಸಿಕ್ಕ ಒಂದು ಉಪಕಾರ.

2003ರ ಆಗಸ್ಟ್ 11ರಂದು ಕಾಣಿಸಿಕೊಂಡ 'ಬ್ಲಾಸ್ಟರ್' ಮರುಸೋಂಕು ಎಂದರೇನು ಎಂಬುದನ್ನು ಜನರಿಗೆ ಕಲಿಸಿತು. ಇದಕ್ಕೆ ಯಾರೂ ಲಗತ್ತು ತೆರೆಯಬೇಕಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಯಂತ್ರ ಇಂಟರ್‌ನೆಟ್ಟಿಗೆ ಸೇರಿದ್ದರೆ ಸಾಕು, ತಾನಾಗಿ ಒಳಬರುತ್ತಿತ್ತು. ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಮೂಡಿ ಯಂತ್ರ ಮುಚ್ಚಿಕೊಳ್ಳುತ್ತಿತ್ತು. ಆ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಬಿಟ್ಟಿತ್ತು, ಸುಮಾರು 4 ವಾರ ಮೊದಲೇ. ಹಾಕಿಕೊಂಡವರು ಕಡಿಮೆ. ಈಗ ಇಕ್ಕಟ್ಟು ನೋಡಿ: ವೈರಸ್ ತೆಗೆದು, ಅಪ್‌ಡೇಟ್ ಇಳಿಸಿಕೊಳ್ಳಲು ಡಯಲ್-ಅಪ್ ಮೂಲಕ ಇಂಟರ್‌ನೆಟ್ಟಿಗೆ ಹೋಗಬೇಕು; ಇಳಿಯುವಷ್ಟರಲ್ಲಿ ವೈರಸ್ ಮತ್ತೆ ಒಳಗೆ. ಪರಿಹಾರ ಕ್ರಮದಲ್ಲಿತ್ತು. ಮೊದಲು ತಂತಿ ಕಿತ್ತು ಶುಚಿ ಮಾಡಬೇಕು, ಆಮೇಲೆ ಎಕ್ಸ್‌ಪಿಯಲ್ಲೇ ಇದ್ದ ಫೈರ್‌ವಾಲನ್ನು ಚಾಲೂ ಮಾಡಬೇಕು, ಆಮೇಲಷ್ಟೇ ಇಂಟರ್‌ನೆಟ್ಟಿಗೆ ಸೇರಿ ಅಪ್‌ಡೇಟ್ ಹಾಕಬೇಕು. ಫೈರ್‌ವಾಲ್ ಮೊದಲಿನಿಂದಲೂ ಇತ್ತು, ಚಾಲೂ ಇರಲಿಲ್ಲ. 2004ರ ಆಗಸ್ಟಿನಲ್ಲಿ ಬಂದ ಎರಡನೇ ಸರ್ವಿಸ್ ಪ್ಯಾಕ್ ಅದನ್ನು ತಾನಾಗಿ ಚಾಲೂ ಇರುವಂತೆ ಮಾಡಿತು.

ಅದೇ ಎಕ್ಸ್‌ಪಿಯಲ್ಲಿ ಸಿಸ್ಟಮ್ ರಿಸ್ಟೋರ್ ಎಂಬ ಒಳ್ಳೆಯ ಸೌಕರ್ಯವಿತ್ತು. ಯಂತ್ರ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ತರುವುದು ಅದರ ಕೆಲಸ. ಅದು ಫೈಲುಗಳ ಪ್ರತಿ ಇಟ್ಟುಕೊಳ್ಳುವಾಗ ವೈರಸ್ಸಿನ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತಿತ್ತು, ಆ ಫೋಲ್ಡರಿಗೆ ಆ್ಯಂಟಿವೈರಸ್ ಕೈಹಾಕುವಂತಿರಲಿಲ್ಲ. ಶುಚಿ ಮಾಡಿ ಒಂದು ವಾರಕ್ಕೆ ಹಿಂದಿನ ಸ್ಥಿತಿಗೆ ಮರಳಿದವರು ಹಿಂದಿನ ವೈರಸ್ಸಿಗೂ ಮರಳುತ್ತಿದ್ದರು. ಅದಕ್ಕೇ ಆಗಿನ ಸಲಹೆಗಳಲ್ಲಿ ಮೊದಲು ಸಿಸ್ಟಮ್ ರಿಸ್ಟೋರ್ ಆಫ್ ಮಾಡಿ ಎಂಬ ಸಾಲು ಇರುತ್ತಿತ್ತು.

ಮೂರನೇ ಬಾಗಿಲು: ಪೆನ್‌ಡ್ರೈವ್

ಫ್ಲಾಪಿ ಹೋಯಿತು, ಪೆನ್‌ಡ್ರೈವ್ ಬಂತು. ಹಳೆಯ ಬಾಗಿಲಿಗೆ ಹೊಸ ಚೌಕಟ್ಟು. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಅದರಲ್ಲಿದ್ದ ಪ್ರೋಗ್ರಾಮನ್ನು ಓಡಿಸುವ ಆಟೋರನ್ ಎಂಬ ಸೌಲಭ್ಯ ವಿಂಡೋಸ್‌ನಲ್ಲಿತ್ತು. 2005ರಿಂದ 2010ರವರೆಗೆ ಸೈಬರ್ ಕೆಫೆಗೆ ಹೋದವರಿಗೆಲ್ಲ 'ನ್ಯೂ ಫೋಲ್ಡರ್' ವೈರಸ್ ಗೊತ್ತು. ಹಳದಿ ಫೋಲ್ಡರಿನ ಚಿತ್ರ ಹೊತ್ತ ಪ್ರೋಗ್ರಾಮ್ ಅದು. ಫೋಲ್ಡರೆಂದು ತಿಳಿದು ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯದಂತೆ ಮಾಡಿ, ಎಲ್ಲೆಡೆ ತನ್ನ ಪ್ರತಿ ಹಾಕುತ್ತಿತ್ತು. ಮುಂದೆ ಬಂದ ಶಾರ್ಟ್‌ಕಟ್ ವೈರಸ್ ನಮ್ಮ ಫೋಲ್ಡರುಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ನಕಲಿ ಶಾರ್ಟ್‌ಕಟ್‌ಗಳನ್ನು ಇಡುತ್ತಿತ್ತು. ಎಲ್ಲ ಅಳಿಸಿಹೋಯಿತು ಎಂದು ಅತ್ತವರೂ ಉಂಟು. ಫೈಲುಗಳು ಅಲ್ಲೇ ಇದ್ದವು, ಕಾಣುತ್ತಿರಲಿಲ್ಲ ಅಷ್ಟೇ.

2008ರ ನವೆಂಬರಿನಲ್ಲಿ ಬಂದ 'ಕಾನ್‌ಫಿಕರ್' ಇವೆಲ್ಲಕ್ಕೂ ಅಣ್ಣ. ಜಾಲದಿಂದಲೂ ಬರುತ್ತಿತ್ತು, ಅದರ ನಂತರದ ರೂಪಗಳು ಪೆನ್‌ಡ್ರೈವಿನಿಂದಲೂ ಬರುತ್ತಿದ್ದವು. ಆ್ಯಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಂತೆ ತಡೆಯುತ್ತಿತ್ತು. ಇದರ ದೋಷಕ್ಕೂ ಅಕ್ಟೋಬರ್ 23ರಂದೇ ಅಪ್‌ಡೇಟ್ ಬಂದಿತ್ತು! ಕೊನೆಗೆ 2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವಿನ ಆಟೋರನ್ ನಿಲ್ಲಿಸುವ ಅಪ್‌ಡೇಟ್ ಕಳಿಸಿತು. ಕೋಟ್ಯಂತರ ಯಂತ್ರಗಳನ್ನು ಒಂದೊಂದಾಗಿ ಗುಡಿಸುವ ಬದಲು ಒಂದು ಬಾಗಿಲಿಗೆ ಅಗುಳಿ ಹಾಕಿದ್ದು ಅದು.

ನಾಲ್ಕನೇ ಬಾಗಿಲು ತೆರೆದಿದ್ದ ರಾತ್ರಿ

ಈ ಹೊತ್ತಿಗೆ ವೈರಸ್ ಬರೆಯುವವರು ಬದಲಾಗಿದ್ದರು. ಕೀಟಲೆಯ ಹುಡುಗರ ಜಾಗಕ್ಕೆ ದುಡ್ಡಿನ ಲೆಕ್ಕ ಹಾಕುವ ಗುಂಪುಗಳು ಬಂದವು. ಫೈಲುಗಳಿಗೆ ಗೂಢಲಿಪಿಯ ಬೀಗ ಜಡಿದು, ಕೀಲಿಗೆ ಹಣ ಕೇಳುವ ರ್‍ಯಾನ್ಸಮ್‌ವೇರ್ ಹಬ್ಬಿತು. 2017ರ ಮೇ 12ರಂದು 'ವಾನಾಕ್ರೈ' ಸುಮಾರು 150 ದೇಶಗಳಿಗೆ ಹರಡಿದಾಗ ಕೇರಳದ ವಯನಾಡಿನ ಪಂಚಾಯ್ತಿ ಕಚೇರಿಯ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ಅದಕ್ಕೂ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದು, ಅಪ್‌ಡೇಟ್ ಬಂದಾಗಿತ್ತು. ಜುಲೈ 2003, ಅಕ್ಟೋಬರ್ 2008, ಮಾರ್ಚ್ 2017: ಮೂರು ಸಲವೂ ಮದ್ದು ಮೊದಲು ಬಂತು, ರೋಗ ಆಮೇಲೆ.

ಗೋವಾದ ಸರದಿ 2022ರಲ್ಲಿ ಬಂತು. ಅದರ ಹಿಂದಿನ ವರ್ಷ, 2021ರ ಜುಲೈ 23ರಂದು, 1982ರ ನಂತರದ ಅತಿ ಕೆಟ್ಟ ಪ್ರವಾಹ ಎಂದು ಮುಖ್ಯಮಂತ್ರಿಗಳೇ ಹೇಳಿದ ನೆರೆ ಗೋವಾವನ್ನು ಕಾಡಿತ್ತು. ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಇಲ್ಲಿ ಮಾಂಡೋವಿಯಾಗಿ ಹರಿಯುತ್ತಾಳೆ. ಘಟ್ಟದ ಮೇಲೆ ಮಳೆ ಜೋರಾದರೆ ಕೆಳಗಿನ ಹಳ್ಳಿಗಳು ನೀರಿನ ಮಟ್ಟ ನೋಡುತ್ತ ಕೂರಬೇಕು. ಹೀಗಾಗಿ ಜಲಸಂಪನ್ಮೂಲ ಇಲಾಖೆ ಪ್ರಮುಖ ನದಿಗಳ 15 ಕಡೆ ಉಪಕರಣಗಳನ್ನಿಟ್ಟು, ಅವುಗಳ ಮಾಹಿತಿಯನ್ನು ಪಣಜಿಯ ಸರ್ವರಿನಲ್ಲಿ ಸೇರಿಸುತ್ತಿತ್ತು.

2022ರ ಜೂನ್ 21ರಂದು, ಮಳೆಗಾಲ ಶುರುವಾದ ಹೊತ್ತಿನಲ್ಲೇ, ನಡುರಾತ್ರಿ 12ರಿಂದ 2 ಗಂಟೆಯ ನಡುವೆ ಆ ಸರ್ವರಿನ ಫೈಲುಗಳಿಗೆ ಬೀಗ ಬಿತ್ತು. ಫೈಲಿನ ಹೆಸರುಗಳ ಕೊನೆಗೆ 'ಇಕಿಂಗ್' ಎಂಬ ಬಾಲ ಅಂಟಿತ್ತು. ಬಿಟ್‌ಕಾಯಿನ್ ಕೊಟ್ಟರೆ ಬೀಗ ತೆಗೆಯುತ್ತೇವೆ ಎಂಬ ಸಂದೇಶ ಪರದೆಯ ಮೇಲಿತ್ತು. ಇಲಾಖೆ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಕಾರಣವೂ ಇತ್ತು: ಸರ್ವರ್ ದಿನದ 24 ಗಂಟೆಯೂ ಇಂಟರ್‌ನೆಟ್ಟಿಗೆ ಸೇರಿತ್ತು, ಆ್ಯಂಟಿವೈರಸ್ ಇರಲಿಲ್ಲ, ಫೈರ್‌ವಾಲ್ ಹಳೆಯದಾಗಿತ್ತು.

ಇದನ್ನು ಯಾರನ್ನೋ ದೂರಲು ನೆನಪಿಸುತ್ತಿಲ್ಲ. ಆ ಮೂರು ಕಾರಣಗಳನ್ನು ಮತ್ತೊಮ್ಮೆ ಓದಿ ನಮ್ಮ ಮನೆಯ ಕಂಪ್ಯೂಟರನ್ನು ನೋಡಿಕೊಂಡರೆ ಎಷ್ಟು ವ್ಯತ್ಯಾಸ ಕಂಡೀತು? ಇಕಿಂಗ್ ಎಂಬುದು 'ಫೋಬೋಸ್' ಎಂಬ ರ್‍ಯಾನ್ಸಮ್‌ವೇರ್ ಕುಟುಂಬದ್ದು. ದೂರದಿಂದ ಕಂಪ್ಯೂಟರ್ ಬಳಸಲು ಬಿಡುವ ರಿಮೋಟ್ ಸೌಲಭ್ಯವನ್ನು ಸುಲಭದ ಪಾಸ್‌ವರ್ಡಿನೊಂದಿಗೆ ತೆರೆದಿಟ್ಟವರನ್ನು ಹುಡುಕಿ ಹೊಕ್ಕುವುದು ಆ ಕುಟುಂಬದ ವಾಡಿಕೆ. 2025ರ ಜುಲೈಯಲ್ಲಿ ಜಪಾನಿನ ಪೊಲೀಸರು ಫೋಬೋಸ್ ಕುಟುಂಬದ ಬೀಗ ತೆರೆಯುವ ಸಾಧನವನ್ನು ಉಚಿತವಾಗಿ ಹಂಚಿದರು. ಬೀಗ ಬಿದ್ದ ಫೈಲುಗಳನ್ನು ಎಸೆಯದೆ ಇಟ್ಟುಕೊಂಡವರಿಗೆ, ಎಲ್ಲ ಮಾದರಿಗೂ ಅಲ್ಲದಿದ್ದರೂ, ವರ್ಷಗಳ ನಂತರ ಒಂದು ಆಸೆ ಹುಟ್ಟಿತು.

ತೊಳೆಯುವುದೋ, ಮನೆಯನ್ನೇ ಬಿಡುವುದೋ?

ಆ್ಯಂಟಿವೈರಸ್ ಅನುಮಾನದ ಫೈಲನ್ನು ಬೇರೆ ಕಡೆ ಕೂಡಿಡುವುದಕ್ಕೆ ಕ್ವಾರಂಟೈನ್ ಎನ್ನುತ್ತದೆ. ಪ್ಲೇಗಿನ ಕಾಲದಲ್ಲಿ ಹಡಗುಗಳನ್ನು ಬಂದರಿನ ಹೊರಗೆ ನಿಲ್ಲಿಸುತ್ತಿದ್ದ ಪದ್ಧತಿ ಅದು. 1377ರಲ್ಲಿ ರಗೂಸಾ ಪಟ್ಟಣ, ಅಂದರೆ ಇಂದಿನ ಡುಬ್ರೋವ್ನಿಕ್, 30 ದಿನ ಎಂದು ನಿಯಮ ಮಾಡಿತು. ಮುಂದೆ ಅದು 40 ದಿನವಾಯಿತು, ಇಟಲಿಯ ಮಾತಿನಲ್ಲಿ ನಲವತ್ತು ಎಂಬುದರಿಂದಲೇ ಆ ಹೆಸರು. ತಪಸ್ಸು ಕಾಲದ ನಲವತ್ತು ದಿನ ಗೊತ್ತಿರುವ ನಮಗೆ ಈ ಲೆಕ್ಕ ಹೊಸದಲ್ಲ.

ಆದರೆ ಎಲ್ಲ ರೋಗವೂ ಕ್ವಾರಂಟೈನಿಗೆ ಬಗ್ಗುವುದಿಲ್ಲ. ಡಿಸೆಂಬರ್ 3ರ ಹಬ್ಬಕ್ಕೆ ನಾವೆಲ್ಲ ಹೋಗುವ ಹಳೇ ಗೋವಾ ಒಂದು ಕಾಲಕ್ಕೆ ಏಷ್ಯಾದ ದೊಡ್ಡ ನಗರಗಳಲ್ಲೊಂದು. ಕಾಲರಾ, ಮಲೇರಿಯಾಗಳು ಮತ್ತೆ ಮತ್ತೆ ಬಂದವು. ಕೊಳಚೆ ಸೋರಿ ಬಾವಿಗಳ ನೀರೇ ಕೆಟ್ಟಿದ್ದ ಊರಿನಲ್ಲಿ ಬೀದಿ ಗುಡಿಸಿ ಏನು ಪ್ರಯೋಜನ? 1759ರಲ್ಲಿ ವೈಸರಾಯ್ ತನ್ನ ನಿವಾಸವನ್ನು ಪಣಜಿಗೆ ಸಾಗಿಸಿದ. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಹಳೆಯ ಕಟ್ಟಡಗಳ ಕಲ್ಲುಗಳನ್ನು ಹೊಸ ಊರಿಗೆ ಒಯ್ದರು, ಹಳೆಯ ಬಾವಿಗಳನ್ನು ಒಯ್ಯಲಿಲ್ಲ.

ಫಾರ್ಮ್ಯಾಟ್ ಮಾಡಿಸುವುದೂ ಹೀಗೆ ಊರು ಬದಲಿಸುವ ಕೆಲಸ. ಫೋಟೋ, ವಿಡಿಯೋ, ದಾಖಲೆಗಳನ್ನು ಒಯ್ಯಿರಿ. ಹಳೆಯ ಪ್ರೋಗ್ರಾಮುಗಳು, ಕ್ರ್ಯಾಕ್ ಮಾಡಿದ ಸೆಟಪ್ ಫೈಲುಗಳನ್ನು ಅಲ್ಲೇ ಬಿಡಿ. ಅವು ಕೆಟ್ಟ ಬಾವಿಗಳು.

ನಮ್ಮ ಮನೆಯಲ್ಲಿ ಮಾಡಬೇಕಾದ್ದು

ಚರಿತ್ರೆ ಕಲಿಸಿದ ಕ್ರಮದಲ್ಲೇ ಹೋಗೋಣ.

1. ಮೊದಲು ಇಂಟರ್‌ನೆಟ್ ಕಡಿಯಿರಿ, ವೈಫೈ ಆರಿಸಿ. ಬ್ಲಾಸ್ಟರ್ ಕಲಿಸಿದ ಪಾಠ ಇದು. ಆ ಯಂತ್ರದಲ್ಲಿ ಬ್ಯಾಂಕ್ ತೆರೆಯಬೇಡಿ, ಪೆನ್‌ಡ್ರೈವ್ ಚುಚ್ಚಬೇಡಿ.

2. ಶುಚಿಯಾದ ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಇಂದಿನ ಮಾಲ್‌ವೇರ್ ಪಾಸ್‌ವರ್ಡುಗಳನ್ನು ಕದ್ದು ಕಳಿಸಿರುತ್ತದೆ, ಯಂತ್ರ ಶುಚಿಯಾದರೂ ಕದ್ದ ಕೀಲಿ ಕಳ್ಳನ ಬಳಿಯೇ ಇರುತ್ತದೆ. ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, ಬೇರೆ ಎಲ್ಲ ಸಾಧನಗಳಿಂದ ಲಾಗ್ಔಟ್ ಮಾಡಿ.

3. ಹೊರಗಿನಿಂದ ಪರೀಕ್ಷಿಸಿ. ವಿಂಡೋಸ್ 10 ಮತ್ತು 11ರ ವಿಂಡೋಸ್ ಸೆಕ್ಯುರಿಟಿಯಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂದಿದೆ, ಖರ್ಚಿಲ್ಲ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುತ್ತದೆ. ಜೋಶಿ ಕಾಲದ ಟೇಪು ಅಂಟಿಸಿದ ಫ್ಲಾಪಿಯ ಇಂದಿನ ರೂಪ ಅದೇ. ಆಮೇಲೆ ಒಂದು ಫುಲ್ ಸ್ಕ್ಯಾನ್ ಮಾಡಿ.

4. ಗೊತ್ತಿಲ್ಲದ ಪ್ರೋಗ್ರಾಮುಗಳನ್ನು, ಬ್ರೌಸರಿನ ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ. ಮೂಲೆಯಲ್ಲಿ ವೈರಸ್ ಇದೆ ಎಂದು ಪದೇ ಪದೇ ಹೆದರಿಸುವ ಚೌಕಗಳು ಎಷ್ಟೋ ಸಲ ಯಾವುದೋ ತಾಣಕ್ಕೆ ನಾವೇ ಕೊಟ್ಟ ನೋಟಿಫಿಕೇಶನ್ ಅನುಮತಿ; ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ರದ್ದು ಮಾಡಿದರೆ ಮುಗಿಯಿತು. ಅವು ತೋರಿಸುವ ನಂಬರಿಗೆ ಎಂದೂ ಕರೆ ಮಾಡಬೇಡಿ.

5. ಇಷ್ಟಕ್ಕೂ ಬಗ್ಗದಿದ್ದರೆ ಊರು ಬದಲಿಸಿ. ವಿಂಡೋಸನ್ನು ಮೈಕ್ರೋಸಾಫ್ಟಿನ ಸ್ವಂತ ತಾಣದಿಂದ, ಶುಚಿಯಾದ ಬೇರೆ ಕಂಪ್ಯೂಟರಿನಲ್ಲಿ, 8 ಜಿಬಿ ಪೆನ್‌ಡ್ರೈವಿಗೆ ಇಳಿಸಿ ಹೊಸದಾಗಿ ಹಾಕಿ.

6. ಫ್ಲಾಪಿ ಡಬ್ಬಿಯನ್ನು ಮರೆಯಬೇಡಿ. ಮನೆಯ ಎಲ್ಲ ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್‌ಗಳನ್ನು ಸ್ಕ್ಯಾನ್ ಮಾಡಿ. ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವನ್ನು ಬೇರೆಯೇ ಇಡಿ, ಅದರಲ್ಲಿ ಪ್ರಿಂಟಿಗೆ ಬೇಕಾದ ಫೈಲ್ ಬಿಟ್ಟು ಬೇರೇನೂ ಇರದಿರಲಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನಾವು ನಗುತ್ತೇವೆ. ಕಂಪ್ಯೂಟರಿನ ವಿಷಯದಲ್ಲಿ ಕೊಳ್ಳೆಯಾದ ಮೇಲೂ ಬಾಗಿಲು ಹಾಕಲೇಬೇಕು, ಏಕೆಂದರೆ ಕಳ್ಳ ನಾಳೆಯೂ ಬರುತ್ತಾನೆ. ಅಪ್‌ಡೇಟನ್ನು ನಾಳೆಗೆ ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಯಂತ್ರ 11ಕ್ಕೆ ಒಗ್ಗದಷ್ಟು ಹಳೆಯದಾದರೆ, ನಮ್ಮ ಶಾಲೆಗಳಲ್ಲಿ ಹಿಂದೆ ಮಾಡಿದಂತೆ ಲಿನಕ್ಸ್ ಯೋಚಿಸಬಹುದು. ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾದಾ ಖಾತೆ ಮಾಡಿಕೊಳ್ಳಿ, ಮಕ್ಕಳಿಗೆ ಬೇರೆ ಖಾತೆ ಕೊಡಿ. ಫೈಲಿನ ಹೆಸರು ಪೂರ್ತಿ ಕಾಣುವಂತೆ ಸೆಟ್ಟಿಂಗ್ ಬದಲಿಸಿ. ಬೇಡದ ರಿಮೋಟ್ ಸೌಲಭ್ಯವನ್ನು ಮುಚ್ಚಿಡಿ.

ಇನ್ನು ಕ್ರ್ಯಾಕ್ ಮಾಡಿದ ತಂತ್ರಾಂಶ. ಕದಿಯಬೇಡ ಎಂಬುದು ನಮಗೆ ಏಳನೆಯ ಕಟ್ಟಳೆ. ಬೇರೆಯವರ ದುಡಿಮೆಯನ್ನು ಪುಕ್ಕಟೆ ಪಡೆಯುವಾಗ ಈ ಮಾತು ನೆನಪಾಗದೆ ಹೋಗುತ್ತದೆ. ಲಾಭದ ದೃಷ್ಟಿಯಿಂದ ನೋಡಿದರೂ ಅದು ನಷ್ಟವೇ: ಕ್ರ್ಯಾಕ್ ಓಡಿಸಲು ಆ್ಯಂಟಿವೈರಸ್ ಆಫ್ ಮಾಡಿ ಎಂದು ಕೇಳಿದಾಗ ನಾವೇ ಬಾಗಿಲು ತೆಗೆದು ಬಾ ಎಂದ ಹಾಗೆ. ಪತ್ರ, ಲೆಕ್ಕ, ಪ್ರದರ್ಶನಕ್ಕೆ ಲಿಬ್ರೆಆಫೀಸ್ ಉಚಿತವಾಗಿದೆ, ಕನ್ನಡವನ್ನೂ ಬಲ್ಲದು.

ಕೊನೆಯದಾಗಿ ಬ್ಯಾಕಪ್. ಮುಖ್ಯ ಫೈಲುಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬುದು ಹಳೆಯ ಸೂತ್ರ. ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಕಿತ್ತು ಕಪಾಟಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ರ್‍ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2017ರ ಫೆಬ್ರವರಿ 21ರಂದು ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಶುಚಿ ಮಾಡುವ ಉಚಿತ ಸಾಧನಗಳು ಸಿಗುತ್ತವೆ.

ಸಾಮತಿಯ ಮನೆ ಗುಡಿಸಿತ್ತು, ಓರಣವಾಗಿತ್ತು, ಆದರೂ ಕೆಟ್ಟಿತು. ಅದರಲ್ಲಿ ವಾಸಿಸುವವರು ಇರಲಿಲ್ಲ. ಕಂಪ್ಯೂಟರಿನಲ್ಲಿ ವಾಸಿಸುವುದು ಎಂದರೆ ತಿಂಗಳಿಗೊಂದು ಭಾನುವಾರ, ಬಲಿಪೂಜೆ ಮುಗಿಸಿ ಊಟವಾದ ಮೇಲೆ, ಅರ್ಧ ಗಂಟೆ ಅದರ ಮುಂದೆ ಕುಳಿತು ಅಪ್‌ಡೇಟ್ ನೋಡುವುದು, ಸ್ಕ್ಯಾನ್ ಹಾಕುವುದು, ಫೋಟೋಗಳ ಹೊಸ ಪ್ರತಿ ತೆಗೆದಿಡುವುದು. ನಮ್ಮ ನಮ್ಮ ಮನೆಯಲ್ಲಿ ಮುಗಿಸಿದ ಮೇಲೆ, ಮಕ್ಕಳು ದೂರದ ಊರಿನಲ್ಲಿ ದುಡಿಯುತ್ತಿರುವ ಪಕ್ಕದ ಮನೆಯ ಹಿರಿಯರಿಗೂ ಇಷ್ಟು ಮಾಡಿಕೊಟ್ಟು ಬರೋಣ. ಅವರ ಕಂಪ್ಯೂಟರಿನಲ್ಲೂ ಯಾರದೋ ಒಂದೇ ಒಂದು ವಿಡಿಯೋ ಇದ್ದೀತು.